ಮೋಡೆಮ್ ಮೇಷ್ಟ್ರ ಹತ್ತನೆಯ ಸೂತ್ರ

ಊರಿಗೆಲ್ಲ ಉಪದೇಶ ಮಾಡುವವರ ಮನೆಯ ಫೋನೇ ಕರಕರ ಎನ್ನಬೇಕೆ? ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವ, ಗೆಳೆಯರ ಬಾಯಲ್ಲಿ ‘ಮೋಡೆಮ್ ಮೇಷ್ಟ್ರು’ ಎನಿಸಿಕೊಂಡ ಮಹಾನುಭಾವರಿಗೆ ಅಂದು ಒದಗಿದ ಸಂಕಟ ಇದು. ಅವರ ಮೊದಲ ಲೇಖನ ಸಂಜೆ ನಾಲ್ಕರೊಳಗೆ ಪತ್ರಿಕೆಯ ಕಚೇರಿಗೆ ಇಮೇಲಿನಲ್ಲಿ ತಲುಪಬೇಕಿತ್ತು. ಚೆನ್ನಾಗಿದ್ದರೆ ವಾರವಾರವೂ ಅಂಕಣ ಎಂದು ಸಂಪಾದಕರು ಆಸೆ ತೋರಿಸಿದ್ದರು. ಲೇಖನದ ಹೆಸರು: ‘ಗದ್ದಲದ ಫೋನ್ ಲೈನಿನಲ್ಲೂ ಗಟ್ಟಿ ಇಂಟರ್ನೆಟ್: ಒಂಬತ್ತು ಸೂತ್ರಗಳು’. (ನಗಬೇಡಿ. ಮೇಷ್ಟ್ರು ಅಳುವ ಸ್ಥಿತಿಯಲ್ಲಿದ್ದರು.)

ಒಂಬತ್ತನ್ನೂ ಪಾಲಿಸಿದ್ದಾಯಿತು. ಫೋನ್ ಲೈನಿನಲ್ಲಿ ಇಂಟರ್ನೆಟ್ ತರುವ ಮೋಡೆಮ್ಮಿನ ವೇಗವನ್ನು ಸೆಕೆಂಡಿಗೆ ಮೂವತ್ತಮೂರು ಸಾವಿರ ಬಿಟ್‌ಗಳಿಂದ ಒಂಬತ್ತು ಸಾವಿರಕ್ಕೆ ಇಳಿಸಿದರು. ತಪ್ಪು ತಿದ್ದಿಕೊಳ್ಳುವ ಸೌಲಭ್ಯ ಚಾಲೂ ಮಾಡಿದರು (ಮೋಡೆಮ್ಮಿಗೆ ಅದಿದೆ, ಮೇಷ್ಟ್ರಿಗಿಲ್ಲ). ನಡುಮನೆಯ ಫೋನನ್ನು ಮುಟ್ಟಕೂಡದೆಂದು ಹೆಂಡತಿಗೆ ರಾಜಾಜ್ಞೆಯಾಯಿತು. ಮೋಡೆಮ್ ಕೀಚಲು ದನಿ ತೆಗೆದು, ಗೊರಗೊರ ಎಂದು, ಕೊನೆಗೂ ಸಂಪರ್ಕ ಹಿಡಿಯಿತು. ಲೇಖನವೂ ಜೊತೆಗೆ ಮೇಷ್ಟ್ರ ದೊಡ್ಡ ಭಾವಚಿತ್ರವೂ ನೂರಕ್ಕೆ ತೊಂಬತ್ತರಷ್ಟು ಹೋಗಿದ್ದವು. “ಗೆದ್ದೆ!” ಎಂದು ಮೇಷ್ಟ್ರು ಕುರ್ಚಿಗೆ ಒರಗಿದರು. ಲೈನ್ ಸತ್ತಿತು.

ನಾಲ್ಕು ಸಲ ಹೀಗೇ ಆಯಿತು.

“ಟೆಲಿಫೋನ್ ಎಕ್ಸ್‌ಚೇಂಜಿನವರು ನಿದ್ದೆ ಮಾಡ್ತಿದ್ದಾರೆ!” ಎಂದು ಮೇಷ್ಟ್ರು ಗುಡುಗಿದರು.

“ಕುಣೀಲಾರದವಳು ನೆಲ ಡೊಂಕು ಅಂದಳಂತೆ,” ಎಂದಳು ಬಾಗಿಲಲ್ಲಿ ನಿಂತ ಹೆಂಡತಿ. ಕಚೇರಿಯೊಂದರಲ್ಲಿ ಟೈಪಿಸ್ಟ್ ಆಗಿದ್ದ ಅವಳೇ ಆ ಲೇಖನವನ್ನೂ ಟೈಪ್ ಮಾಡಿಕೊಟ್ಟವಳು.

“ಇದು ಟೆಕ್ನಿಕಲ್ ವಿಷಯ ಕಣೇ, ನಿಂಗೆ ಗೊತ್ತಾಗಲ್ಲ.”

“ಆಗ್ಲಿ. ನೀವು ಹಿಂದಕ್ಕೆ ಒರಗಿದಾಗ್ಲೆಲ್ಲ ಲೈನ್ ಹೋಗುತ್ತಲ್ಲ, ಅದೂ ಟೆಕ್ನಿಕಲ್ಲಾ?”

ಮೇಷ್ಟ್ರು ಬಗ್ಗಿ ನೋಡಿದರು. ಲೈನ್‌ಮ್ಯಾನ್‌ಗೆ ಏನು ತಿಳಿಯುತ್ತದೆಂದು, ನಡುಮನೆಯಿಂದ ತಮ್ಮ ಕೋಣೆಗೆ ಸ್ವಹಸ್ತದಿಂದಲೇ ತಂತಿ ಎಳೆದು, ಹೊಸೆದು, ಟೇಪು ಸುತ್ತಿದ್ದರು. ಆ ಗಂಟು ಈಗ ಕುರ್ಚಿಯ ಹಿಂಗಾಲಿನಡಿ ಅಪ್ಪಚ್ಚಿಯಾಗಿತ್ತು; ಒರಗಿದಾಗಲೆಲ್ಲ ತಂತಿಗಳೆರಡೂ ಒಂದಕ್ಕೊಂದು ತಾಗಿ ಇಡೀ ಮನೆಯ ಲೈನೇ ಸಾಯುತ್ತಿತ್ತು.

“ಈ ಗಂಟು ಹಾಕಿದ್ದು ಯಾವ ಎಕ್ಸ್‌ಚೇಂಜಿನವರೋ?” ಎಂದಳು. ಮೇಷ್ಟ್ರಿಗೆ ಬಾಯಾರಿತು, ನೀರು ಕುಡಿಯಲು ಒಳಗೆ ಹೋದರು.

ವಾಪಸು ಬಂದಾಗ ಕುರ್ಚಿ ಗೋಡೆ ಸೇರಿತ್ತು. “ನಿಂತ್ಕೊಂಡೇ ಕಳಿಸಿ. ಪೂರ್ತಿ ಹೋಗೋವರೆಗೂ ಗೆಲ್ಲಬೇಡಿ,” ಎಂದಳು. ಮೇಷ್ಟ್ರು ಶಿಕ್ಷೆಗೊಳಗಾದ ವಿದ್ಯಾರ್ಥಿಯಂತೆ ಕೈಕಟ್ಟಿ ನಿಂತರು. ನಾಲ್ಕಕ್ಕೆ ಐದು ನಿಮಿಷವಿದ್ದಾಗ ಎಲ್ಲವೂ ಹೋಯಿತು. ಗಂಟನ್ನು ಭಾನುವಾರ ಸರಿಮಾಡೋಣವೆಂದು ಕುರ್ಚಿಯನ್ನು ಮತ್ತೆ ಸ್ವಸ್ಥಾನದಲ್ಲಿ ಪ್ರತಿಷ್ಠಾಪಿಸಿದರು.

ಮರುದಿನ ಬೆಳಿಗ್ಗೆ ಸಂಪಾದಕರ ಫೋನ್ ಬಂತು. ಹೆಂಡತಿ ನಡುಮನೆಯಲ್ಲಿ ಎತ್ತಿಕೊಂಡಳು. ಮೇಷ್ಟ್ರು ಕೋಣೆಯಿಂದಲೇ ಕಿವಿ ನಿಮಿರಿಸಿದರು.

“ರೀ, ಜಾಗ ಸಾಲ್ದೆ ಒಂಬತ್ತು ಸೂತ್ರಾನೂ ಕತ್ತರಿಸಿದ್ರಂತೆ. ಫೋಟೋನೂ ಹಾಕಿಲ್ವಂತೆ. ಹತ್ತನೇದೊಂದೇ ಅಚ್ಚಾಗಿದೆಯಂತೆ,” ಎಂದು ಹೆಂಡತಿ ರಿಸೀವರ್ ಹಿಡಿದುಕೊಂಡೇ ಕೂಗಿದಳು.

“ಹತ್ತನೇದಾ? ನಾನು ಬರೆದಿದ್ದೇ ಒಂಬತ್ತು!”

“ನೀವು ನೀರು ಕುಡಿಯೋಕೆ ಹೋದಾಗ ನಾನೊಂದು ಟೈಪ್ ಮಾಡಿ ಸೇರಿಸಿದ್ದೆ. ‘ಎಕ್ಸ್‌ಚೇಂಜಿಗೆ ಬೈಯುವ ಮೊದಲು ನಿಮ್ಮ ಕುರ್ಚಿಯ ಕೆಳಗೆ ನೋಡಿ’ ಅಂತ. ಯಾರು ಬರೆದಿದ್ದು ಅಂತ ಕೇಳಿದ್ರು, ನಾನೇ ಅಂದೆ. ಅಂಕಣ ನೀವೇ ಬರೀರಿ ಅಂತಿದ್ದಾರೆ ಕಣ್ರೀ!”

ಮೇಷ್ಟ್ರು ಕುರ್ಚಿಯಲ್ಲಿ ಕುಸಿದು ಹಿಂದಕ್ಕೆ ಒರಗಿದರು.

“ಹಲೋ? ಹಲೋ, ಸಾರ್?” ನಡುಮನೆಯಿಂದ ಕೂಗು ಕೇಳಿಸಿತು. “ರೀ! ಏಳ್ರೀ ಕುರ್ಚಿಯಿಂದ! ನನ್ನ ಅಂಕಣ ಹೋಗುತ್ತೆ!”