ಜೊಂಜು ನಗರದ ಡಬ್ಬಿ ಕಾಳಗ

ಎಲೈ ಕಲಿಯುಗವೇ, ತುಸು ನಿಲ್ಲು. ಸೀಮೋಲ್ಲಂಘನಕ್ಕೆ ಬನ್ನಿಮರ ಬೇಡವಾಗಿ ವೀಸಾ ಒಂದೇ ಸಾಕಾದ, ಅನ್ನವು ವಿದ್ಯುತ್ಪಾತ್ರೆಯಲ್ಲಿ ತಾನೇ ಬೆಂದು ಹಾಡು ಹೇಳಿ ಕರೆಯುವ ನಿನ್ನ ಈ ಪಾದದಲ್ಲಿ, ಗುಳೇದಗುಡ್ಡದ ಕೀರ್ತಿಪತಾಕೆಯೂ ಕಲಾಪದವೀಧರೆಯೂ ಮೌನಕವಚಧಾರಿಣಿಯೂ ಆದ ಬನಶ್ರೀ ಎಂಬ ವೀರಾಂಗನೆಯು, ಕೊರಿಯನ್ ಭಾಷೆಯನ್ನು ಕಲಿಯಲೆಂದು ಸಪ್ತಸಾಗರಗಳನ್ನಲ್ಲದಿದ್ದರೂ ಎರಡು ವಿಮಾನಗಳನ್ನು ಏರಿಳಿದು ಜೊಂಜು ನಗರವನ್ನು ಸೇರಿ, ಮಹಡಿಯ ಒಂಟಿಕೋಣೆಯಲ್ಲಿ ಬಿಡಾರ ಹೂಡಿ ನಡೆಸಿದ ಮಹಾಸಮರವನ್ನು ಹಾಡುವೆನು.

ಆ ಕೋಣೆಯ ಕೆಳಮನೆಯಲ್ಲಿದ್ದವಳು ಒಡತಿ ಪಾಕ್ ಒಕ್ಸುನ್. ಮೂಲಂಗಿಮರ್ದಿನಿ, ಎಲೆಕೋಸುವಿದಾರಿಣಿ, ಬೀದಿಯವರೆಲ್ಲ ‘ಹಲ್ಮೋನಿ’, ಅಂದರೆ ಅಜ್ಜಿ, ಎಂದು ಕರೆಯುವ ವೃದ್ಧವೀರೆ. ಚಳಿ ಶುರುವಾದ ವಾರ ಆಕೆ, ಮೇಲಿನ ಹುಡುಗಿ ಮೀನು ಮುಟ್ಟುವುದಿಲ್ಲವೆಂದು ಮೀನಿನ ರಸ ಹಾಕದೆ ಬೇರೆಯಾಗಿ ಕಲಸಿದ ಎಲೆಕೋಸಿನ ಕಿಮ್ಚಿ ಎಂಬ ಹುಳಿಖಾರದ ಉಪ್ಪಿನಕಾಯಿಯನ್ನು ಶ್ವೇತಕಾಯ ಚತುಷ್ಕೋಣ ಡಬ್ಬಿಯೊಂದರಲ್ಲಿ ತುಂಬಿ, ಬಾಗಿಲ ಹಿಡಿಗೆ ನೇತುಹಾಕಿ ಹೋದಳು.

ನಾಯಕಿ ಉಂಡಳು, ತಣಿದಳು, ಡಬ್ಬಿಯನ್ನು ತಿಕ್ಕಿ ತೊಳೆದು ಬಿಸಿಲಿಗೆ ಬೋರಲು ಹಾಕಿದಳು. ಅಷ್ಟರಲ್ಲಿ ವಿಡಿಯೊ ಕರೆಯಲ್ಲಿ ಜನ್ಮದಾತೆ ಪ್ರತ್ಯಕ್ಷಳಾದಳು.

“ಖಾಲಿ ಡಬ್ಬಿ ಕೊಡಾಕ ಹೊಂಟೀ ಏನ? ನಮ್ಮ ಮನಿತನದಾಗ ಯಾರರ ಹಂಗ ಕೊಟ್ಟಾರೇನ?”

“ಇಲ್ಲಿ ಹಂಗೆಲ್ಲ ಏನಿಲ್ಲ ಬೇ ಯವ್ವಾ.”

“ಎಲ್ಲಿದ್ರೇನ, ಡಬ್ಬಿ ಡಬ್ಬೀನ. ಶೇಂಗಾ ಹಿಂಡಿ ಹಾಕಿ ಕೊಡು.”

ಶೇಂಗಾ ಚಟ್ನಿಪುಡಿಯೆಂಬ ಮೊದಲ ಬಾಣ ಹೋಯಿತು. ಆದರೆ ವಿಧಿಲೀಲೆಯನ್ನು ಬಲ್ಲವರಾರು. ತುಂಬಿ ಬಂದ ಪಾತ್ರೆಯನ್ನು ಬರಿದಾಗಿ ಮರಳಿಸುವುದು ಕೆಳಮನೆಯಲ್ಲೂ ಹಲ್ಮೋನಿಯ ಅತ್ತೆಯ ಕಾಲದಿಂದ ನಿಷಿದ್ಧ. ಡಬ್ಬಿಯು ಮೂಲಂಗಿ ಕಿಮ್ಚಿ ಹೊತ್ತು ಮೆಟ್ಟಿಲೇರಿತು, ಗುರೆಳ್ಳು ಹಿಂಡಿ ಹೊತ್ತು ಇಳಿಯಿತು. ಸೋಯಾರಸದಲ್ಲಿ ನೆನೆದ ಬೆಳ್ಳುಳ್ಳಿ ಹೊತ್ತು ಏರಿತು, ಅಮೀನಗಡದ ಕರದಂಟು ಹೊತ್ತು ಇಳಿಯಿತು. ಒಮ್ಮೆ ನಾಯಕಿ ಕೈಸೋತು ಬರೀ ಸಕ್ಕರೆ ಹಾಕಿಟ್ಟರೆ, ಶತ್ರು ಅದೇ ಸಕ್ಕರೆಯಿಂದ ಅನ್ನದ ಪಾನಕ ಮಾಡಿ ಅದೇ ಡಬ್ಬಿಯಲ್ಲಿ ಕಳಿಸಿದಳು. ಎಸೆದ ಬಾಣವನ್ನೇ ಹಿಡಿದು ತಿರುಗಿ ಎಸೆಯುವುದೆಂದರೆ ಇದು.

ಎಲ್ಲವೂ ನಿಶ್ಶಬ್ದವಾಗಿ, ಬಾಗಿಲ ಹಿಡಿಯಿಂದ ಬಾಗಿಲ ಹಿಡಿಗೆ ನಡೆಯಿತು. ಎದುರಾದರೆ ಮಾತಾಡಬೇಕಲ್ಲ. ತರಗತಿಯಲ್ಲಿ ಪುಟಗಟ್ಟಲೆ ಕೊರಿಯನ್ ಬರೆಯುವ ನಮ್ಮ ನಾಯಕಿ ಅಂಗಡಿಯಲ್ಲಿ ಹಾಲನ್ನು ಬೆರಳು ತೋರಿಸಿ ಕೊಳ್ಳುತ್ತಿದ್ದಳು.

ಕ್ರಮೇಣ ಆಯುಧಾಗಾರ ಬರಿದಾಯಿತು. ಉಳಿದದ್ದು ಒಂದೇ ಬ್ರಹ್ಮಾಸ್ತ್ರ, ರಂಜಕ: ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ ಅರೆದು ಅವ್ವ ತನ್ನ ಕೈಯಾರೆ ಬಾಟಲಿಗೆ ತುಂಬಿ ಕಳಿಸಿದ ಖಾರ. ಬೇಸಿಗೆ ರಜೆಗೆ ಊರಿಗೆ ಹೋಗುವತನಕ ಅದು ಬರಬೇಕು. ಅದರ ಚೂರು ನಾಲಗೆಗೆ ತಾಗದ ದಿನ ಗುಳೇದಗುಡ್ಡವೆಂಬ ಊರು ನಿಜಕ್ಕೂ ಇದೆಯೋ ಇಲ್ಲವೋ ಎಂದು ಆಕೆಗೆ ಅನುಮಾನವಾಗುತ್ತಿತ್ತು.

ಆಗ ಡಬ್ಬಿ ಮತ್ತೆ ಬಂತು, ಯಾವುದೋ ಘಮಘಮಿಸುವ ಸೊಪ್ಪಿನ ಉಪ್ಪಿನಕಾಯಿ ತುಂಬಿಕೊಂಡು.

ನಾಯಕಿ ಕನ್ನಡಿಯೆದುರು ನಿಂತಳು. “ಎಲೌ ಎಲೆಕೋಸುವಿದಾರಿಣಿ, ನಿನ್ನ ಔದಾರ್ಯಪ್ರವಾಹದಲ್ಲಿ ನನ್ನ ಫ್ರಿಜ್ಜು ಮುಳುಗಿಹೋಗಿದೆ. ಇದೋ, ನನ್ನ ತಾಯ ಕೈಯ ಕಡೆಯ ಖಾರ. ಇದರೊಂದಿಗೆ ನಮ್ಮ ಕದನ ಮುಗಿಯಲಿ. ತಪ್ಪಿ ಇನ್ನೊಂದು ಮೂಲಂಗಿ ಈ ಮೆಟ್ಟಿಲೇರಿತೋ, ನಾನು ಬಾಗಿಲು ತೆರೆಯೆನು.” ಹೀಗೆಂದು ಗರ್ಜಿಸಿದಳು, ಗರ್ಜನೆ ಕೆಳಮನೆಗೆ ಕೇಳೀತೆಂದು ನಲ್ಲಿ ಬಿಟ್ಟುಕೊಂಡಿದ್ದಳು.

ಬಳಿಕ ರಂಜಕವನ್ನು ಕೆರೆದು ಕೆರೆದು ಡಬ್ಬಿಗೆ ಹಾಕಿ, ಕೆಳಗಿಳಿದು, ಹಿಡಿಗೆ ಚೀಲ ಸಿಕ್ಕಿಸುವಷ್ಟರಲ್ಲಿ ಬಾಗಿಲು ತೆರೆಯಿತು.

“ಮತ್ತೆ ತಂದ್ಯಾ?” ಎಂದಳು ಹಲ್ಮೋನಿ, ಸುಸ್ತಾದ ದನಿಯಲ್ಲಿ.

ವೀರಭಾಷಣದ ಸಮಾಸಗಳೆಲ್ಲ ಗಂಟಲಲ್ಲಿ ಒಂದರ ಕಾಲಿಗೊಂದು ತೊಡರಿ ಬಿದ್ದವು. ಕೊರಿಯನ್ನಿನಲ್ಲಿ ಹೊರಬಂದದ್ದು ಇಷ್ಟು: “ಹಲ್ಮೋನಿ, ಇದೇ ಕೊನೇದು. ನನ್ನ ಹತ್ರ ಇನ್ನೇನಿಲ್ಲ.”

“ಅಬ್ಬ, ಬದುಕಿಸಿದೆ. ನಂದೂ ಮುಗಿದು ಎಷ್ಟೋ ದಿನ ಆಯ್ತು. ಆ ಸೊಪ್ಪನ್ನ ನಮ್ಮಕ್ಕನ ಮನೆಯಿಂದ ಕೇಳಿ ತಂದಿದ್ದು.”

“ಮತ್ತೆ ಯಾಕೆ ಕಳಿಸಿದಿರಿ?”

“ನೀನು ತುಂಬಿಸಿ ಕಳಿಸ್ತಿದ್ರೆ ನಾನು ಖಾಲಿ ಹೇಗೆ ಕಳಿಸಲಿ? ಮೊದಲನೇ ಸಲ ನೀನು ಇದನ್ನ ವಾಪಸ್ ತಂದಿದ್ದೇ ಯಾಕೆ?”

“ಡಬ್ಬಿ ನಿಮ್ಮದಲ್ವಾ.”

ಹಲ್ಮೋನಿ ಡಬ್ಬಿಯ ಪಕ್ಕ ತಿರುಗಿಸಿ, ಅರ್ಧ ಅಳಿಸಿಹೋದ ಚಿತ್ರದ ಮೇಲೆ ಬೆರಳಿಟ್ಟಳು. “ಐಸ್‌ಕ್ರೀಮಿಂದು. ತಿಂದು ಬಿಸಾಕಲಿ ಅಂತಲೇ ಇದರಲ್ಲಿ ಹಾಕಿದ್ದೆ. ಇದನ್ನ ತಿಕ್ಕಿ ತೊಳೆದು ಯಾರಾದ್ರೂ ವಾಪಸ್ ಕೊಡ್ತಾರಾ?”

ಐಸ್‌ಕ್ರೀಮ್ ಡಬ್ಬಿಗಳಲ್ಲೇ ರವೆ, ಹವೀಜದ ಕಾಳು, ಅಂಗಿಗುಂಡಿಗಳನ್ನು ತುಂಬಿಟ್ಟು, ಒಂದು ಕಳೆದರೆ ಓಣಿಯಲ್ಲೆಲ್ಲ ವಿಚಾರಿಸುವ ಮನೆತನದ ಕುಡಿಯು “ಕೊಡ್ತಾರೆ” ಎಂದಳು.

ಹಲ್ಮೋನಿ ಮುಚ್ಚಳ ತೆಗೆದು ಬೆರಳತುದಿಯಿಂದ ರಂಜಕ ನೆಕ್ಕಿದಳು. ಕಣ್ಣು ಒದ್ದೆಯಾದವು, ಖಾರಕ್ಕೆ. “ಯಾರು ಮಾಡಿದ್ದು?”

“ಅಮ್ಮ.”

“ಅಮ್ಮ ಮಾಡಿದ್ದನ್ನ ಪೂರ್ತಿ ಕೊಟ್ಟುಬಿಡ್ತಾರಾ, ಪೆದ್ದಿ. ಒಳಗೆ ಬಾ. ಅನ್ನ ಬಿಸಿ ಇದೆ.”

ಇಬ್ಬರು ಮಹಾರಥಿಯರೂ ಗಿಡ್ಡ ಮೇಜಿನೆದುರು ಕೂತು, ಬಿಸಿ ಅನ್ನಕ್ಕೆ ರಂಜಕ ಕಲಸಿ, ಮೂಗೊರೆಸಿಕೊಳ್ಳುತ್ತ ಉಂಡರು. ಮೆಣಸಿನಕಾಯಿ ಒಣಗಿಸಿದ್ದೋ ಹಸಿಯದೋ ಎಂದು ಹಲ್ಮೋನಿ ಕೇಳಿದಳು. ನಾಯಕಿ ಹೇಳತೊಡಗಿದವಳು ಅವ್ವನ ಒಳಕಲ್ಲು, ಓಣಿ, ಬನಶಂಕರಿ ಹೊಂಡದವರೆಗೂ ಹೋದಳು. ಹೊರಡುವಾಗ ಹಲ್ಮೋನಿ ಉಳಿದ ರಂಜಕದ ಮೇಲೆ ಮುಚ್ಚಳ ಒತ್ತಿ ಡಬ್ಬಿಯನ್ನು ಅವಳ ಕೈಗಿಟ್ಟಳು.

“ತಗೋ. ಖಾಲಿ ಏನೂ ಕಳಿಸ್ತಿಲ್ಲ.”

ರಂಜಕ ಬೇಸಿಗೆಯತನಕ ಬರಲಿಲ್ಲ. ಭಾನುವಾರದ ಊಟಗಳಲ್ಲಿ ಕೆಳಮನೆಯಲ್ಲೇ ಮುಗಿಯಿತು. ರಣಕಾರಣವಾದ ಆ ಶ್ವೇತಕಾಯ ಡಬ್ಬಿಯಲ್ಲಿ ಈಗ ತಲೆಪಿನ್ನುಗಳಿವೆ, ಸ್ವಲ್ಪ ಬೆಳ್ಳುಳ್ಳಿ ವಾಸನೆ ಬೀರುತ್ತವೆ. ಈ ಕಾಳಗವನ್ನು ಕೇಳಿದವರಿಗೆ ಸ್ವರ್ಗವೇನೂ ಸಿಗದು. ನೆರೆಮನೆಗೆ ಕೊಟ್ಟ ಡಬ್ಬಿ ಮುಚ್ಚಳದ ಸಮೇತ ವಾಪಸ್ಸು ಬಂದೀತು, ಅಷ್ಟೆ.