ಸಕಾಲದಲ್ಲಿ ಹಾಸಿಗೆ ಸುತ್ತಲು ಅಪ್ಪಣೆ ಕೋರಿ

ಇಂದ,
ಗರ್ಭಕೋಶ,
ವಿನುತಾ ಗುರುದತ್ತ ನಾಯ್ಕ ಇವಳ ಕಿಬ್ಬೊಟ್ಟೆ,
ಮೂತ್ರಕೋಶದ ಹಿಂದಿನ ಓಣಿ, ಬೆಳಕೆ, ಭಟ್ಕಳ ತಾಲೂಕು.

ಗೆ,
ಶ್ರೀಮತಿ ಮಾದೇವಿ ನಾಯ್ಕ,
ಸದರಿ ವಿನುತಾಳ ಅತ್ತೆ ಹಾಗೂ ಮನೆಯ ಸರ್ವಾಧಿಕಾರಿ.

ವಿಷಯ: ಮುಟ್ಟು ಮುಂದೆ ಹಾಕುವ ಮಾತ್ರೆ ನಿಲ್ಲಿಸುವ ಕುರಿತು.
ಉಲ್ಲೇಖ: ನಿನ್ನೆ ಚಹಾದ ಬಸಿಯಲ್ಲಿ ತಾವು ಇಟ್ಟುಕೊಟ್ಟ ಮಾತ್ರೆ.

ಮಾನ್ಯರೇ,

ಅರ್ಜಿದಾರಳು ಗಾತ್ರದಲ್ಲಿ ಮುಷ್ಟಿಯಷ್ಟಿದ್ದರೂ ಕೆಲಸದಲ್ಲಿ ಈ ಕರಾವಳಿಯ ಯಾವ ಕಚೇರಿಗೂ ಸೋಲುವವಳಲ್ಲ. ಹೊನ್ನಾವರದ ಬಂದರು, ಭಟ್ಕಳದ ಪೇಟೆ, ಕುಮಟೆಯ ಬಸ್‌ಸ್ಟ್ಯಾಂಡ್ ಮೂರನ್ನೂ ನಡೆಸೆಂದರೆ ಮಲಗಿದಲ್ಲಿಂದಲೇ ನಡೆಸಿಯಾಳು. ಹೊತ್ತು ಬಂದರೆ ಹಲಸಿನಹಣ್ಣಿನಷ್ಟು ಹಿಗ್ಗಿ, ಕೂಸನ್ನು ಹೊರಗೆ ದಬ್ಬಿ, ಮತ್ತೆ ಮುಷ್ಟಿಯಾಗಿ ಕೂರುವ ನೌಕರರು ಜಿಲ್ಲೆಯಲ್ಲಿ ಬೇರೆ ಯಾರಾದರೂ ಇದ್ದರೆ ತಿಳಿಸಬೇಕು.

೧. ಅರ್ಜಿದಾರಳ ಅಧೀನದಲ್ಲಿ ಎಡಬಲಕ್ಕೆ ಎರಡು ಅಂಡಾಶಯಗಳೂ, ಕೆಳಗೆ ಬಾಗಿಲು ಕಾಯಲು ಗರ್ಭಕಂಠವೂ ಇರುತ್ತವೆ. ತಿಂಗಳಿಗೊಮ್ಮೆ ಯಾವುದಾದರೊಂದು ಅಂಡಾಶಯವು ಅಂಡನಾಳದ ದೋಣಿದಕ್ಕೆಗೆ ಒಂದು ಅಂಡವನ್ನು ಕಳಿಸುತ್ತದೆ. ಕೂಸು ಕಟ್ಟಿದರೆ ಮಲಗಲೆಂದು ಅರ್ಜಿದಾರಳು ಮೆತ್ತನೆಯ ಹಾಸಿಗೆ ಹಾಸಿರುತ್ತಾಳೆ. ಯಾರೂ ಬಾರದ ಕಾರಣ ಅದನ್ನು ಸುತ್ತಿ ಹೊರಗೆ ಹಾಕುತ್ತಾಳೆ. ‘ಹೊರಗಾದಳು’ ಎಂದು ತಾವು ಮೂಗು ಮುರಿಯುವುದು ಈ ಸ್ವಚ್ಛತಾ ಕಾರ್ಯಕ್ಕೆ.

೨. ಆದರೆ ತಾವು ಚೌತಿಯೆಂದು, ಸತ್ಯನಾರಾಯಣ ಪೂಜೆಯೆಂದು, ಮಗಳು ಜಯಶ್ರೀಯ ಮದುವೆಯೆಂದು, ಕೊನೆಗೆ ಹೊಸ ಫ್ರಿಜ್ಜಿಗೆ ಕುಂಕುಮ ಹಚ್ಚಬೇಕೆಂದೂ ಸೊಸೆಗೆ ಮಾತ್ರೆ ನುಂಗಿಸಿರುತ್ತೀರಿ. ತಡೆಯಾಜ್ಞೆಯ ಮೇಲೆ ತಡೆಯಾಜ್ಞೆ ಬಿದ್ದು ಇಲ್ಲಿ ಹಾಸಿಗೆಗಳ ಗುಡ್ಡವೇ ಎದ್ದಿತು. ಅಂಡಾಶಯಗಳಿಗೆ ತಿಂಗಳ ಲೆಕ್ಕ ತಪ್ಪಿದೆ. ತಡೆ ತೆರವಾದ ದಿನ ಶರಾವತಿ ಡ್ಯಾಮಿನ ಗೇಟು ತೆಗೆದಂತಾಗಿ, ವಿನುತಾ ತಾನು ಕಲಿಸುವ ಅಂಗನವಾಡಿಯಲ್ಲೇ ತಲೆ ತಿರುಗಿ ಬಿದ್ದಳು.

೩. ಕಾರಣ ಅವಳು ಹೊನ್ನಾವರದ ಡಾಕ್ಟರ್ ಅಮಿತಾರನ್ನು ಕಂಡಳು. ಮಗು ಬೇಕಿದ್ದರೆ ಮೊದಲು ಮಾತ್ರೆ ಬಿಡು, ತಿಂಗಳು ತನ್ನ ದಾರಿಗೆ ಬರಲಿ ಎಂದು ಅವರು ಕಟ್ಟಪ್ಪಣೆ ಮಾಡಿರುತ್ತಾರೆ. ಗಂಡ ಗುರುದತ್ತನನ್ನೂ ಪರೀಕ್ಷೆಗೆ ಕರೆದಿದ್ದರು. ಅವನ ಬೈಕು ಅದೇ ದಿನ ಪಂಕ್ಚರ್ ಆಯಿತು.

೪. ಅದೇ ವಾರ ತಾವು ಜಗಲಿಯಲ್ಲಿ ನೆರೆಮನೆಯ ಗಣಪಿಯೆದುರು, “ಮದುವೆಯಾಗಿ ಮೂರು ವರ್ಷ ಆತು. ಇವಳ ಹೊಟ್ಟೆಯಲ್ಲಿ ಎಂತ ಇದ್ಯೋ, ಎಂತ ಇಲ್ವೋ” ಎಂದಿರಿ. ಒಳಗಿದ್ದವಳು ಕೇಳಿಸಿಕೊಂಡಿರುತ್ತಾಳೆ. ಬಳಿಕ ಮೊಮ್ಮಗುವಿಗಾಗಿ ನಾಗಪೂಜೆ ಗೊತ್ತುಮಾಡಿ, ನಿನ್ನೆ ಚಹಾದ ಜೊತೆ ಮಾತ್ರೆ ಇಟ್ಟು, “ಪೂಜೆ ದಿನ ಹೊರಗಾಗೂದು ಬೇಡ, ತಕಾ ತಂಗಿ” ಎಂದಿರಿ.

ವಿನುತಾ ಬಸಿಯನ್ನು ತಮ್ಮ ಕಡೆಗೇ ಸರಿಸಿ, “ಅತ್ತೆ, ಮಗು ಬೇಕು ಅಂತ ಪೂಜೆ. ಪೂಜೆಗೆ ಅಂತ ಮಾತ್ರೆ. ಮತ್ತೆ ಮಗು ಬರೂದು ಎಲ್ಲಿಂದ?” ಎಂದಳು. ಮಾತ್ರೆ ಬಸಿಯಲ್ಲೇ ಇದೆ, ಇರುವೆಯೂ ಮೂಸಿಲ್ಲ.

ಆದ್ದರಿಂದ ಸದರಿ ಮಾತ್ರೆಯನ್ನು ಹಿಂಪಡೆದು, ಅರ್ಜಿದಾರಳನ್ನು ಅವಳ ಪಾಡಿಗೆ ದುಡಿಯಲು ಬಿಡಬೇಕು. ಪೂಜೆಯ ದಿನವೇ ಹೊರಗಾದ ಪಕ್ಷದಲ್ಲಿ ಪಾಯಸವನ್ನು ಜಗಲಿಗೇ ಕಳಿಸಬೇಕು.

ತಮ್ಮ ಮನೆಯಲ್ಲೇ ಇದ್ದೂ ತಮಗೆ ಮುಖ ತೋರಿಸಲಾರದ ವಿಶ್ವಾಸಿ,
ಗರ್ಭಕೋಶ

ಲಗತ್ತುಗಳು:
೧. ಮಾತ್ರೆ, ಬಸಿ ಸಮೇತ.
೨. ಡಾಕ್ಟರ್ ಚೀಟಿ.
೩. ಗುರುದತ್ತನ ಬೈಕಿನ ಟ್ಯೂಬು (ತೂತು ಕಂಡುಬಂದಿಲ್ಲ).

ಪ್ರತಿ: ಶ್ರೀಮತಿ ಮಾದೇವಿಯವರ ಸ್ವಂತ ಗರ್ಭಕೋಶಕ್ಕೆ (ನಿವೃತ್ತ). ಗುರುದತ್ತನಿಗೆ ಹಾಸಿಗೆ ಹಾಸುವ ಮುಂಚೆ ಇಂಥ ಮಾತ್ರೆ ತಮ್ಮ ಪಾಲಿಗೆ ಎಷ್ಟು ಬಂದಿದ್ದವೆಂದು ತಮ್ಮ ಯಜಮಾನಿಗೆ ನೆನಪಿಸುವಂತೆ ವಿನಂತಿ.