ಗೈಡ್ ಸರ್ ಜೊತೆ ಒರತೆ ಹುಡುಕಿದ್ದು

ನಕ್ಷೆ ಹಿಡಿದು ಕಂಡವರ ಹಿತ್ತಿಲಿಗೆ ನುಗ್ಗುವವರಿಗೆ ನಗೆಪಾಟಲು ತಪ್ಪಿದ್ದಲ್ಲ. ಭೂಗೋಳದಲ್ಲಿ ಎಂ.ಎ. ಮಾಡುವಾಗ ನಾನು ಸಂಶೋಧನಾ ಪ್ರಬಂಧಕ್ಕೆ ಆರಿಸಿಕೊಂಡದ್ದು ಶಿರಸಿ, ಸಿದ್ದಾಪುರ, ಯಲ್ಲಾಪುರದ ಕುಡಿಯುವ ನೀರಿನ ಒರತೆಗಳನ್ನು. ಗೈಡ್ ಆಗಿದ್ದವರು ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ನಮ್ಮ ಹಿರಿಯ ಮೇಷ್ಟ್ರು. ಆ ವರ್ಷ ನಕ್ಕಷ್ಟು ನಾನು ಮತ್ತೆಂದೂ ನಕ್ಕಿಲ್ಲ. ಈಗ ಹೇಳಹೊರಟರೆ ನಡುನಡುವೆ ನಗು ನಿಂತುಬಿಡುತ್ತದೆ.

ನೆಂಟರ ನೀರು

ಹೇರೂರಿನ ಒಂದು ಮನೆ. ಅಂಗಳದಲ್ಲಿ ಜಿಪಿಎಸ್ ಹಿಡಿದು ನಿಂತ ನನ್ನನ್ನು ಕಂಡು, ಅತಿಕ್ರಮಣ ಅಳೆಯಲು ಸರ್ಕಾರದವರೇ ಬಂದರೆಂದು ಆ ಮನೆಯ ಅಜ್ಜಿಗೆ ಗುಮಾನಿ.

"ಇಲ್ಲಿ ಒರತೆ ಇದೆಯಾ ಅಜ್ಜಿ?"

"ಇಲ್ಲೆ ತಂಗಿ. ಒರತೆ ಗಿರತೆ ಎಂತದೂ ಇಲ್ಲೆ," ಎಂದು ಅಜ್ಜಿ ಅಡ್ಡಡ್ಡ ತಲೆಯಾಡಿಸಿದರು.

ಜೊತೆಗಿದ್ದ ಸರ್ ವಾದಕ್ಕೆ ಹೋಗಲಿಲ್ಲ. ಜಗಲಿಯಲ್ಲಿ ಕೂತು ಕುಡಿಯಲು ನೀರು ಕೇಳಿದರು. ಬೆಲ್ಲದ ಜೊತೆ ತಂಬಿಗೆ ಬಂತು. ಒಂದು ಗುಟುಕು ಕುಡಿದು, "ಆಹಾ, ಎಂಥ ತಂಪು! ಬಾವಿದಾ ಅಜ್ಜಿ?" ಎಂದರು.

ಅಜ್ಜಿಗೆ ಅವಮಾನವಾಯಿತು. "ಬಾವಿದಲ್ಲ! ಎಂಗಳ ಒರತೆದು!"

ಅಂದವರೇ ನಾಲಿಗೆ ಕಚ್ಚಿಕೊಂಡು ತಿದ್ದಿದರು: "ಅದು ನೆಂಟರಿಗೆ ಮಾತ್ರ ಇದ್ದು. ಸರ್ಕಾರದವ್ಕೆ ಇಲ್ಲೆ!"

ಮೂರು ಸಲ

ಇಂಟರ್ನಲ್ ಟೆಸ್ಟಿಗೆ ಪತ್ರಿಕೆ ತೆಗೆದದ್ದು ಸರ್. ಒಂದನೇ ಪ್ರಶ್ನೆ, ಜಲವಿಭಾಜಕ ಎಂದರೇನು? ಮೂರನೆಯದೂ ಅದೇ. ಐದನೆಯದೂ ಅದೇ.

ಹಿಂದಿನ ಬೆಂಚಿನವನೊಬ್ಬ ಎದ್ದು, "ಸರ್, ಮೂರಕ್ಕೂ ಒಂದೇ ಉತ್ತರ ಬರೀಬಹುದಾ?" ಎಂದ.

ಸರ್ ಪತ್ರಿಕೆಯನ್ನು ಬಹಳ ಹೊತ್ತು ನೋಡಿದರು. "ಬರೀರಿ," ಎಂದರು. "ಮೂರನೇ ಸಲಕ್ಕಾದರೂ ಸರಿಯಾದೀತು."

ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು. ಸರ್ ಮಾತ್ರ ಹಣೆಯ ಬೆವರು ಒರೆಸಿಕೊಳ್ಳುತ್ತ ಕಿಟಕಿಯ ಕಡೆ ತಿರುಗಿ ನಿಂತರು. ಅದನ್ನು ನಾನು ನೋಡಿದೆ. ನೋಡಿಯೂ ನಕ್ಕೆ.

ದಾರಿ ಹೇಳಿದ್ದು

ಯಲ್ಲಾಪುರದ ಕಡೆಯ ಒರತೆ ನೋಡಲು ನನ್ನ ಸ್ಕೂಟರಿನಲ್ಲಿ ಹೊರಟಿದ್ದೆವು. ಒಂದು ತಿರುವಿನಲ್ಲಿ ಬೈಕಿನವನೊಬ್ಬ ಕೈ ಅಡ್ಡ ಹಾಕಿದ. "ಸಿದ್ದಾಪುರಕ್ಕ ಹೆಂಗ್ ಹೋಗ್ಬೇಕ್ರಿ ಸರ?"

ಸರ್ ಹಿಂದಿನ ಸೀಟಿನಿಂದಲೇ ಹೇಳಿದರು. ಎಲ್ಲಿ ಇಳಿಜಾರು, ಎಲ್ಲಿ ಸೇತುವೆ, ಎಲ್ಲಿ ಚಾ ಚೆನ್ನಾಗಿರುತ್ತದೆ, ಒಂದೂ ಬಿಡಲಿಲ್ಲ. ಅವನು ಕೈಮುಗಿದು ಹೋದ ಮೇಲೆ ನನ್ನ ಭುಜ ತಟ್ಟಿದರು.

"ಅಂದಹಾಗೆ, ನಾವು ಹೊರಟದ್ದು ಎಲ್ಲಿಗೆ?"

ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. "ಕಾಶಿಗೆ ಸರ್!"

ಸರ್ ನನ್ನ ಭುಜವನ್ನು ಬಿಗಿಯಾಗಿ ಹಿಡಿದುಕೊಂಡರು. ಆಮೇಲೆ ನಡುಗುವ ದನಿಯಲ್ಲಿ, "ಹೌದಾ? ನಾನು ಮನೆಯಲ್ಲಿ ಹೇಳಿ ಬಂದಿಲ್ಲವಲ್ಲ ತಂಗಿ," ಎಂದರು.

ಸ್ಕೂಟರ್ ತಿರುಗಿಸಿ ಶಿರಸಿಯ ಅವರ ಮನೆಗೆ ಬಿಟ್ಟೆ. ಬಾಗಿಲು ತೆರೆದ ಅವರ ಹೆಂಡತಿ ನನ್ನ ಮುಖ ನೋಡಿ, "ನಿನಗೂ ಗೊತ್ತಾಯ್ತಾ?" ಅಂದರು.

ತಪ್ಪು ಹಿಡಿದದ್ದು

ರಜೆಯ ಮೇಲೆ ಹೋದ ಸರ್ ಕಾಲೇಜಿಗೆ ಮರಳಲಿಲ್ಲ. ನನ್ನ ಪ್ರಬಂಧಕ್ಕೆ ಬೇರೊಬ್ಬರು ಸಹಿ ಹಾಕಿದರು. ಪರೀಕ್ಷಕರು ಹೊಗಳಿದರು. ಬೈಂಡ್ ಮಾಡಿಸಿದ ಪ್ರತಿ ಹಿಡಿದು ಸರ್ ಮನೆಗೆ ಹೋದೆ.

ಅವರಿಗೆ ನನ್ನ ಗುರುತು ಸಿಗಲಿಲ್ಲ. ಯಾರೋ ಓದುವ ಹುಡುಗಿ ಎಂದುಕೊಂಡು ಪ್ರೀತಿಯಿಂದ ಕೂರಿಸಿಕೊಂಡರು. ಪುಟ ತಿರುಗಿಸುತ್ತ ಹೋದ ಬೆರಳು ಸಿದ್ದಾಪುರದ ಬಿಳಗಿಯ ನಕ್ಷೆಯ ಮೇಲೆ ನಿಂತಿತು.

"ಇಲ್ನೋಡು. ಒರತೆ ಕೆಳಗೆ, ಅದರಿಂದ ಹುಟ್ಟುವ ಹಳ್ಳ ಮೇಲೆ. ನೀರು ಗುಡ್ಡ ಹತ್ತುತ್ತದಾ?"

ಬಗ್ಗಿ ನೋಡಿದೆ. ಅವರು ಹೇಳಿದ್ದು ನಿಜ. ಪರೀಕ್ಷಕರ ಕಣ್ಣಿಗೂ ಬೀಳದ ತಪ್ಪು.

"ಯಾರು ನಿನ್ನ ಗೈಡು?"

ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ನಾನು ಹೇಗೋ, "ಒಬ್ಬರು ವಯಸ್ಸಾದವರು ಸರ್," ಎಂದೆ.

"ಇಷ್ಟು ದೊಡ್ಡ ತಪ್ಪು ಬಿಟ್ಟಿದ್ದಾರಲ್ಲ! ಕರೆದುಕೊಂಡು ಬಾ ಅವರನ್ನ, ನಾಲ್ಕು ಮಾತು ಹೇಳ್ತೇನೆ."

ಪ್ರಬಂಧ ಮುಚ್ಚಿಟ್ಟು ನನ್ನ ಕಡೆ ಬಾಗಿದರು. ದನಿ ತಗ್ಗಿತು.

"ಬೇಡ ಬಿಡು. ವಯಸ್ಸಾದವರು, ಮನಸ್ಸಿಗೆ ಹಚ್ಚಿಕೊಂಡಾರು. ಕೇಳಿದರೆ, ತಪ್ಪು ನಿನ್ನದೇ ಅಂತ ಹೇಳಿಬಿಡು."